ಎರಡು ಕೇಕು, ಎರಡು ಚೆರ್ರಿ

"ಈ ಮನೇಲಿ ಯಾರಾದ್ರೂ ಸತ್ತಿದ್ದಾರಾ?" ಅಂಕಲ್ ಡೆಸ್ಮಂಡ್ ಕೇಕಿನ ತುಂಡನ್ನು ಅಗಿಯುತ್ತಾ ಕೇಳಿದರು. "ಇದರಲ್ಲಿ ಒಂದು ಹನಿ ರಮ್ಮೂ ಇಲ್ಲ ಅಮ್ಮ. ಬರೀ ದ್ರಾಕ್ಷಿ ಜ್ಯೂಸು."

ಬಾಳೆಲೆಯಲ್ಲಿ ಹಿಟ್ಟು ಮಡಚುತ್ತಿದ್ದ ಅಜ್ಜಿಯ ಕೈ ಹಾಗೇ ನಿಂತಿತು.

ಡೆಲಿಸಾ ಕುರ್ಚಿಯ ಮೇಲೆ ನಿಂತು ಕಿಟಕಿಗೆ ಕ್ರಿಸ್‌ಮಸ್ಸಿನ ಹೊಸ ಪರದೆ ಸಿಕ್ಕಿಸುತ್ತಿದ್ದಳು. ಅಜ್ಜಿ ತನ್ನ ಕಡೆ ತಿರುಗಿದ್ದು ಅವಳಿಗೆ ಗೊತ್ತಾಯಿತು.

"ಡೆಲಿಸಾ, ಬೆಳಿಗ್ಗೆ ಕಯೂಮ್ ಚಾಚಾನಿಗೆ ಯಾವ ಕೇಕ್ ಕೊಟ್ಟೆ?"

"ಚೆರ್ರಿ ಇರೋದನ್ನೇ ಅಜ್ಜಿ."

ಪ್ರತಿ ವರ್ಷವೂ ಅಜ್ಜಿ ಎರಡು ಕಪ್ಪು ಕೇಕ್ ಮಾಡುತ್ತಾರೆ. ಒಂದು ಮನೆಗೆ. ಅದರ ಒಣದ್ರಾಕ್ಷಿ, ಪ್ರೂನ್ ಎಲ್ಲ ವರ್ಷವಿಡೀ ರಮ್ಮಿನಲ್ಲಿ ನೆನೆದಿರುತ್ತವೆ. ಇನ್ನೊಂದು ಪಕ್ಕದ ಮನೆಯ ಕಯೂಮ್ ಚಾಚಾನಿಗೆ. ಚಾಚಾ ಮುಸಲ್ಮಾನರು, ಜೀವನದಲ್ಲಿ ಒಮ್ಮೆಯೂ ಮದ್ಯ ಮುಟ್ಟಿದವರಲ್ಲ. ಅವರ ಕೇಕಿನ ಹಣ್ಣು ಬೇರೆ ಜಾಡಿಯಲ್ಲಿ, ದ್ರಾಕ್ಷಿ ರಸದಲ್ಲಿ ನೆನೆಯುತ್ತದೆ. ಬೆಂದ ಮೇಲೆ ಎರಡೂ ಇದ್ದಿಲಿನಷ್ಟು ಕಪ್ಪು. ಗುರುತಿಗೆಂದು ಚಾಚಾನ ಕೇಕಿನ ನೆತ್ತಿಗೆ ಅಜ್ಜಿ ಒಂದು ಕೆಂಪು ಚೆರ್ರಿ ಒತ್ತುತ್ತಾರೆ.

ಚೆರ್ರಿ ಗುರುತಿಗೆಂಬುದು ಡೆಲಿಸಾಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದಾಗ ಒಂದು ಕೇಕಿಗೆ ಚೆರ್ರಿ ಇತ್ತು, ಇನ್ನೊಂದು ಬೋಳಾಗಿತ್ತು. ಪಾಪ ಅನ್ನಿಸಿ ಅದಕ್ಕೂ ಒಂದು ಒತ್ತಿದ್ದಳು. ಆಮೇಲೆ ಅಜ್ಜಿ ಹಿತ್ತಲಿಂದ, ಚೆರ್ರಿ ಇರುವುದನ್ನು ಡಬ್ಬಿಗೆ ಹಾಕಿ ಚಾಚಾನಿಗೆ ಕೊಟ್ಟು ಬಾ ಎಂದು ಕೂಗಿದ್ದರು. ಎರಡರಲ್ಲೂ ಇದೆಯಲ್ಲ ಎಂದುಕೊಂಡು ಡೆಲಿಸಾ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದಳು.

ಕುರ್ಚಿಯಿಂದ ಇಳಿಯುತ್ತಾ ಅವಳು ಇದನ್ನೆಲ್ಲ ಹೇಳಿದಳು. ಕೊನೆಗೆ ಇನ್ನೂ ಒಂದು ಮಾತು ಹೇಳಬೇಕಾಯಿತು. ಇವತ್ತು ಸೋಮವಾರ, ಎಲ್ಲ ಸೋಮವಾರಗಳಂತೆ ಚಾಚಾ ಉಪವಾಸವಿದ್ದರು. ಸಂಜೆ ಮಸೀದಿಯಲ್ಲಿ ಉಪವಾಸ ಬಿಡುವಾಗ ಎಲ್ಲರಿಗೂ ಹಂಚುತ್ತೇನೆ ಎಂದು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಅಜ್ಜಿ ಫೋನ್ ಮಾಡಿದರು. ಪಕ್ಕದ ಮನೆಯೊಳಗೇ ಅದು ರಿಂಗಾಗುವುದು ಬೇಲಿಯಾಚೆಯಿಂದ ಕೇಳಿಸಿತು. ಚಾಚಾ ಆಗಲೇ ಹೊರಟಿದ್ದರು.

"ನಲವತ್ತು ವರ್ಷ," ಎಂದರು ಅಜ್ಜಿ. ಅವರ ಮಂಡಿ ಅಷ್ಟು ದೂರ ನಡೆಯುವಂತಿರಲಿಲ್ಲ. ಅಂಕಲ್ ಡೆಸ್ಮಂಡ್ ತಮ್ಮ ರಮ್ಮಿನ ಗ್ಲಾಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬಾಯಲ್ಲಿ ಈ ವಾಸನೆ ಇಟ್ಟುಕೊಂಡು ಆ ಬಾಗಿಲಿಗೆ ಹೇಗೆ ಹೋಗಲಿ ಎಂದರು.

ಡೆಲಿಸಾ ಓಡಿದಳು.

ಮಸೀದಿ ಇದ್ದದ್ದು ಬೀದಿಯ ಆ ತುದಿಯಲ್ಲಿ. ನಡುವೆ ಹಳೆಯ ಕಬ್ಬಿನ ಗದ್ದೆ. ಸಕ್ಕರೆ ಫ್ಯಾಕ್ಟರಿ ಮುಚ್ಚಿದ ಮೇಲೆ ಅಲ್ಲಿ ಬರೀ ಪೊದೆ ಬೆಳೆದಿತ್ತು. ಸೂರ್ಯ ಆ ಪೊದೆಯವರೆಗೆ ಇಳಿದಿದ್ದ. ಬೆಳ್ಳಕ್ಕಿಗಳು ಸಾಲಾಗಿ ಗೂಡಿಗೆ ಹಾರುತ್ತಿದ್ದವು. ಅವಳು ಅರ್ಧ ದಾರಿಯಲ್ಲಿದ್ದಾಗ ಅಜಾನ್ ಶುರುವಾಯಿತು.

ಆ ದನಿಯನ್ನು ಡೆಲಿಸಾ ಹುಟ್ಟಿದಾಗಿನಿಂದ ಕೇಳಿದ್ದಳು. ಅಜ್ಜಿ ಅದು ಕೇಳಿದಾಗಲೇ ಒಲೆಯ ಮೇಲೆ ಅನ್ನಕ್ಕಿಡುವುದು. ಆದರೆ ಡೆಲಿಸಾ ಯಾವತ್ತೂ ಅದರ ಕಡೆಗೆ ಓಡಿರಲಿಲ್ಲ. ಹತ್ತಿರ ಹೋದ ಹಾಗೆ ದನಿ ದೊಡ್ಡದಾಗುತ್ತಾ ಬಂತು. ಗೇಟಿನ ಹತ್ತಿರ ಬಂದಾಗ ಅದು ಅವಳ ಎದೆಯೊಳಗಿಂದಲೇ ಬರುತ್ತಿದೆ ಅನ್ನಿಸಿತು. ಆಮೇಲೆ ನಿಂತುಹೋಯಿತು.

ಅವಳು ಮೆಟ್ಟಿಲ ಕೆಳಗೇ ಏದುಸಿರು ಬಿಡುತ್ತಾ ನಿಂತಳು. ಒಳಗೆ ಹೋಗಬಹುದೋ ಇಲ್ಲವೋ ಗೊತ್ತಿರಲಿಲ್ಲ, ಕೇಳೋಣವೆಂದರೆ ಹೊರಗೆ ಯಾರೂ ಇರಲಿಲ್ಲ. ಸಾಲಾಗಿ ಚಪ್ಪಲಿಗಳಿದ್ದವು. ತನ್ನವನ್ನೂ ಬಿಚ್ಚಿ ಪಕ್ಕಕ್ಕಿಟ್ಟಳು. ಚಾಚಾನ ಮಗಳು ನಜ್ಮೂನ್ ಆಂಟಿ ಇಲ್ಲಿಗೆ ಬರುವಾಗ ತಲೆಗೆ ಬಟ್ಟೆ ಹೊದೆಯುವುದು ನೆನಪಾಯಿತು. ಡೆಲಿಸಾಳ ಹೆಗಲ ಮೇಲೆ ಅಡುಗೆಮನೆಯ ಟವೆಲ್ ಇತ್ತು. ಅದನ್ನೇ ತಲೆಗೆ ಹಾಕಿಕೊಂಡು ಜಗಲಿ ಹತ್ತಿದಳು.

ಜಗಲಿಯ ಉದ್ದದ ಮೇಜಿನ ಮೇಲೆ ಖರ್ಜೂರದ ಬೀಜಗಳು, ನೀರಿನ ಲೋಟಗಳು, ಮುಚ್ಚಿಟ್ಟ ಪಾತ್ರೆಗಳು. ನಡುವೆ ಅಜ್ಜಿಯ ಡಬ್ಬಿ, ಮುಚ್ಚಳ ಹಾಕಿದಂತೆಯೇ ಇತ್ತು. ಪಕ್ಕದಲ್ಲಿ ಚಾಕು. ಖರ್ಜೂರ ತಿಂದು ಉಪವಾಸ ಬಿಟ್ಟು ಎಲ್ಲರೂ ಊಟಕ್ಕೆ ಮೊದಲು ನಮಾಜಿಗೆ ಒಳಗೆ ಹೋದಂತಿತ್ತು.

ಎತ್ತಿಕೊಂಡು ಓಡಿಬಿಡಬಹುದಿತ್ತು. ಅವಳು ಡಬ್ಬಿಯ ಮೇಲೆ ಎರಡೂ ಕೈ ಇಟ್ಟಳು ಕೂಡ. ಅಷ್ಟರಲ್ಲಿ ತೆರೆದ ಬಾಗಿಲೊಳಗೆ ಕಣ್ಣು ಹೋಯಿತು.

ಅವಳ ಚರ್ಚಿನಲ್ಲಿ ಬಣ್ಣದ ಗಾಜಿದೆ, ಆರ್ಗನ್ ಇದೆ, ಬೆಂಚುಗಳಿವೆ, ಮೇಣದ ಬತ್ತಿಗಳಿವೆ. ಇಲ್ಲಿ ಏನೂ ಇರಲಿಲ್ಲ. ಹಸಿರು ಜಮಖಾನೆ, ಬಿಳಿ ಗೋಡೆ, ಅಷ್ಟೆ. ಆ ಖಾಲಿ ಜಾಗದಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಅವಳ ಯೂನಿಫಾರ್ಮ್ ಹೊಲಿಯುವ ಶಫೀಕ್ ಹಾಜಿ, ತೆಂಗಿನಕಾಯಿ ಮಾರುವವರು, ಮ್ಯಾಕ್ಸಿ ಟ್ಯಾಕ್ಸಿಯ ಡ್ರೈವರ್, ಕಯೂಮ್ ಚಾಚಾ. ಹಿಂದೆ ಹೆಂಗಸರ ಸಾಲು. ಬೀದಿಯಲ್ಲಿ ದಿನಾ ನೋಡುವ ಮುಖಗಳೇ. ಆದರೆ ಇಲ್ಲಿ ಅವರು ಬೇರೆ ಯಾರೋ ಆಗಿದ್ದರು.

ಮುಂದೆ ನಿಂತ ಇಮಾಮರು ಓದುತ್ತಿದ್ದರು. ಒಂದು ಅಕ್ಷರವೂ ಡೆಲಿಸಾಳಿಗೆ ತಿಳಿಯಲಿಲ್ಲ. ಇದ್ದಕ್ಕಿದ್ದಂತೆ ಒಂದು ಪದ ಮಾತ್ರ ಹೊಳೆದಂತೆ ಬಂತು. ಮರ್ಯಮ್. ಸ್ವಲ್ಪ ಹೊತ್ತಿಗೆ ಮತ್ತೆ, ಮರ್ಯಮ್.

ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿದರು. ಒಟ್ಟಿಗೆ ನೆಲಕ್ಕೆ ಹಣೆ ಇಟ್ಟರು. ಅಷ್ಟು ಬಟ್ಟೆಗಳು ಒಮ್ಮೆಗೇ ಸರಿದ ಸದ್ದು, ಸಮುದ್ರದ ದಂಡೆಯಲ್ಲಿ ಅಲೆ ಹಿಂದಕ್ಕೆ ಹೋಗುವಾಗಿನ ಸದ್ದಿನಂತೆ, ಬಂದು ಅವಳ ಬರಿಗಾಲನ್ನು ಮುಟ್ಟಿದಂತಾಯಿತು. ಚಾಚಾನ ಸವೆದ ಹಿಮ್ಮಡಿಗಳು ಅವಳಿಗೆ ಕಾಣುತ್ತಿದ್ದವು. ಡೆಲಿಸಾ ಡಬ್ಬಿಯಿಂದ ಕೈ ತೆಗೆದು, ಕೈ ಕಟ್ಟಿಕೊಂಡು ನಿಂತಳು. ಓಡಿಹೋಗುವ ಯೋಚನೆ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಪ್ರಾರ್ಥನೆ ಮುಗಿಸಿ ಮೊದಲು ಬಂದವರು ಶಫೀಕ್ ಹಾಜಿ. ಟವೆಲ್ ಹೊದ್ದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಪಾತ್ರೆ ತೊಳೆಯಲು ಬಂದೆಯಾ ಎಂದರು. ಇಬ್ಬರು ನಕ್ಕರು. ಹಿಂದೆಯೇ ಬಂದ ಕಯೂಮ್ ಚಾಚಾ ಚಾಕು ಎತ್ತಿಕೊಂಡರು.

"ಕತ್ತರಿಸ್ಬೇಡಿ ಚಾಚಾ," ಎಂದಳು ಡೆಲಿಸಾ. "ಇದು ನಮ್ಮ ಕೇಕು. ಇದರಲ್ಲಿ ರಮ್ ಇದೆ. ನಂದೇ ತಪ್ಪು, ಅಜ್ಜೀದಲ್ಲ."

ಎರಡು ಚೆರ್ರಿಯ ಕತೆಯನ್ನು ಅವಳು ಗಡಿಬಿಡಿಯಲ್ಲಿ, ಹಿಂದುಮುಂದಾಗಿ ಹೇಳಿದಳು. ಚಾಚಾ ಚಾಕುವನ್ನು ಕೆಳಗಿಟ್ಟರು.

"ಇದಕ್ಕೇ ನಾನು ಹೇಳೋದು," ಎಂದರು ಶಫೀಕ್ ಹಾಜಿ. "ಇವತ್ತು ಗೊತ್ತಾಯ್ತು, ಸರಿ. ಹೋದ ವರ್ಷದ್ದು? ಅದರ ಹಿಂದಿನ ವರ್ಷದ್ದು? ಅದರಲ್ಲೆಲ್ಲ ಏನಿತ್ತೋ ಯಾರು ಕಂಡಿದ್ದಾರೆ ಕಯೂಮ್ ಭಾಯ್?"

ಇದನ್ನು ಡೆಲಿಸಾ ಯೋಚಿಸಿರಲಿಲ್ಲ. ಒಂದು ಚೆರ್ರಿಯಿಂದ ಅಜ್ಜಿಯ ನಲವತ್ತು ಕೇಕುಗಳೂ ಸಂಶಯಕ್ಕೆ ಬಿದ್ದುಬಿಟ್ಟಿದ್ದವು. ಜಾಡಿ ಬೇರೆ, ಸೌಟು ಬೇರೆ, ಪಾತ್ರೆ ಬೇರೆ ಎಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಚಾಚಾ ಡಬ್ಬಿಯ ಮೇಲೆ ಕೈಯಿಟ್ಟರು.

"ನಂಗೂ ಗೊತ್ತಿರಲಿಲ್ಲ ಶಫೀಕ್. ಯಾವತ್ತೂ ಕೇಳಿರಲಿಲ್ಲ," ಎಂದರು ನಿಧಾನವಾಗಿ. "ಇವತ್ತು ಗೊತ್ತಾಯ್ತು. ತಪ್ಪಾದ ಸಲ ಆ ಮನೆಯಿಂದ ಓಡಿ ಬಂದ್ರು. ಬಾಕಿ ಸಲ ಯಾರೂ ಓಡಿ ಬರ್ಲಿಲ್ಲ."

ಹಾಜಿ ಏನೋ ಗೊಣಗಿದರು. ಆ ಡಬ್ಬಿ ಮೊದಲು ಇಲ್ಲಿಂದ ಆಚೆ ಹೋಗಲಿ ಎಂದರು. ಆದರೂ ನಜ್ಮೂನ್ ಆಂಟಿ ಡೆಲಿಸಾಳ ಕೈಗೆ ಖರ್ಜೂರ ಇಟ್ಟಾಗ, ಇನ್ನೆರಡು ಕೊಡು, ಎಷ್ಟು ದೂರ ಓಡಿದೆ ಹುಡುಗಿ ಎಂದವರೂ ಅವರೇ.

ಚಾಚಾ ಡಬ್ಬಿ ಹಿಡಿದುಕೊಂಡು ಅವಳ ಜೊತೆ ಹೊರಟರು. ಆಕಾಶದಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಗದ್ದೆ ದಾಟುವಾಗ ಡೆಲಿಸಾ, ಮರ್ಯಮ್ ಅಂದರೆ ಯಾರು ಎಂದು ಕೇಳಿದಳು.

"ನಿಮ್ಮ ಮೇರಿಯೇ. ಯೇಸುವಿನ ತಾಯಿ. ಮರ ಅಲ್ಲಾಡಿಸಿ ಖರ್ಜೂರ ತಿಂದಳು ಅಂತ ನಮ್ಮ ಪುಸ್ತಕದಲ್ಲಿದೆ."

"ನಮ್ಮದರಲ್ಲಿ ಖರ್ಜೂರ ಇಲ್ಲ. ಕೊಟ್ಟಿಗೆ ಇದೆ."

"ಗೊತ್ತು. ನಿನ್ನಜ್ಜಿ ಹೇಳಿದಾಳೆ. ಅವಳು ಯೇಸು ದೇವರ ಮಗ ಅಂತಾಳೆ. ನಾನು ಪ್ರವಾದಿ ಅಂತೀನಿ. ಬೇಲಿ ಹತ್ರ ನಿಂತು ಎಷ್ಟು ವರ್ಷದಿಂದ ಜಗಳ ಆಡ್ತಿದೀವಿ."

"ಯಾರು ಗೆದ್ದಿದ್ದು?"

"ಅವಳಿಗೆ ಬಾಯಿ ಜಾಸ್ತಿ," ಎಂದು ಚಾಚಾ ನಕ್ಕರು. "ಆದ್ರೂ ಗೆದ್ದಿಲ್ಲ. ನಾನೂ ಗೆದ್ದಿಲ್ಲ."

ಅಜ್ಜಿ ಗೇಟಿನಲ್ಲೇ ನಿಂತಿದ್ದರು. ಮಂಡಿ ನೋವೆಂದು ಸಂಜೆಯೆಲ್ಲ ಕೂತೇ ಇರುವವರು ಕಂಬಿ ಹಿಡಿದು ನಿಂತಿದ್ದರು. ಚಾಚಾ ಡಬ್ಬಿಯನ್ನು ಅವರ ಕೈಗೆ ಕೊಟ್ಟರು.

"ಇದು ಡೆಸ್ಮಂಡ್‌ಗೆ. ನನ್ನದು ಏನಾದ್ರೂ ಉಳಿದಿದ್ಯಾ ಮಿಸ್ ಯೂಡೋರಾ, ಇಲ್ಲ ಅವನೇ ಮುಗಿಸಿದನಾ?"

ಅಜ್ಜಿ ಒಳಗೆ ಹೋಗಿ, ತುಂಬ ಹೊತ್ತು ಬಿಟ್ಟು, ಒಂದು ತಟ್ಟೆ ತಂದರು. ಅದರ ಮೇಲೆ ಒಂದು ತುಂಡು ಕೇಕ್. ಈಗ ಒಳಗೆ ಎರಡೂ ಕೇಕುಗಳು ಇದ್ದವು. ತಟ್ಟೆಯ ಮೇಲಿದ್ದ ತುಂಡಿನಲ್ಲಿ ಯಾವ ಗುರುತೂ ಇರಲಿಲ್ಲ, ಬರೀ ಕಪ್ಪು.

ಇದು ಯಾವುದು ಎಂದು ಚಾಚಾ ಕೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಚಾಚಾ ಮೆಲ್ಲಗೆ ಬಿಸ್ಮಿಲ್ಲಾ ಎಂದು ಕೇಕನ್ನು ಬಾಯಿಗಿಟ್ಟರು.

ಪ್ರತಿ ಕ್ರಿಸ್‌ಮಸ್ಸಿಗೂ ಚಾಚಾ ಹೀಗೆ ತಿನ್ನುವುದನ್ನು ಡೆಲಿಸಾ ನೋಡಿದ್ದಳು. ಆಗ ಅದು ಕೇಕ್ ತಿನ್ನುವುದಷ್ಟೇ ಆಗಿತ್ತು. ಚಾಚಾ ಅಗಿದು ಮುಗಿಸುವವರೆಗೂ ಅವಳು ಮಸೀದಿಯ ಜಗಲಿಯಲ್ಲಿ ನಿಂತಂತೆಯೇ ಕೈ ಕಟ್ಟಿಕೊಂಡು, ಅಲ್ಲಾಡದೆ ನಿಂತಳು.