ಅಡ್ಡಿಲ್ಲ

"ಈ ಚಿತ್ರ ನಾನು ಹಾಕೂದಿಲ್ಲ."

ಸುಶ್ಮಿತಾ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದಳು.

ಕುಮಟೆಯ ಆ ಸಣ್ಣ ಪ್ರೆಸ್ಸಿನಲ್ಲಿ, ಮೇಜಿನಾಚೆ ನಿಂತಿದ್ದವನಿಗೆ ತಾನು ಕೇಳಿಸಿಕೊಂಡದ್ದು ಸರಿಯೋ ಎಂದು ಅನುಮಾನವಾಯಿತು. ಅವನು ಹೊನ್ನಾವರದ ಮಾಬ್ಲೇಶ್ವರ, ದೋಣಿ ಕಟ್ಟುವ ಬಡಗಿ. ಅಂಗಿಯ ತೋಳಿಗೆ ಇನ್ನೂ ಮರದ ಹೊಟ್ಟು ಅಂಟಿತ್ತು.

"ಎಂತಕ್ಕೆ? ನಮ್ಮ ಸಂಘದ ತಾಳಮದ್ದಲೆ ಕರಪತ್ರ ಇದು. ನಡೆಯೂಕೆ ಆಗದವ್ರೂ ಬರ್ಲಿ ಅಂತ ಕೆಳಗೆ ಮೂಲೆಲ್ಲಿ ಒಂದು ಗಾಲಿಕುರ್ಚಿ ಚಿತ್ರ, ಅಷ್ಟೇ. ಹುಡುಕೂಕೆ ಕಷ್ಟ ಅಂದ್ರೆ ನಾನೇ ತಂದಿದ್ದೆ, ನೋಡಿ."

ಅವನು ಹಿಡಿದ ಮೊಬೈಲಿನಲ್ಲಿ, ಚಿತ್ರದ ಮೇಲೆ ಯಾವುದೋ ಕಂಪನಿಯ ಹೆಸರು ಓರೆಯಾಗಿ, ಮಸುಕಾಗಿ ಹಾದುಹೋಗಿತ್ತು.

"ಇದು ಫುಕಟೆದಲ್ಲ, ದುಡ್ಡು ಕೊಡ್ಬೇಕು. ಪ್ರಿಂಟ್ ಮಾಡಿದ್ರೆ ಚುಕ್ಕಿ ಚುಕ್ಕಿಯಾಗಿ ಒಡೆದೂ ಹೋಗ್ತದೆ. ಫುಕಟೆದು, ಚೊಕ್ಕ ಇದ್ದದ್ದು ನನ್ನ ಹತ್ರವೇ ಹನ್ನೆರಡು ಅವೆ. ಕುರ್ಚಿ, ಕಿವಿ, ಬಿಳಿ ಕೋಲು… ಎಲ್ಲಾ."

"ಮತ್ತೆಂತ ತೊಂದ್ರೆ?"

"ನಿಮ್ಮ ಸಂಘದ ಕಟ್ಟಡಕ್ಕೆ ಮೆಟ್ಟಿಲು ಎಷ್ಟು?"

"ನಾಕು. ಕುರ್ಚಿಲ್ಲಿ ಬಂದವ್ರನ್ನ ನಾವು ನಾಕು ಜನ ಎತ್ತಿ ಒಯ್ತೇವೆ."

"ನಾಕು ಜನ ಎತ್ತಿ ಒಯ್ಯೂದು ಹೆಣಾನ."

ಮಾಬ್ಲೇಶ್ವರನ ಮುಖ ಕಪ್ಪಿಟ್ಟಿತು.

"ನಿಮ್ಮ ಮನೆಲ್ಲಿ ಅಂಥವ್ರು ಯಾರೂ ಇಲ್ಲ ಕಾಣ್ತದೆ. ಅದಕ್ಕೇ ಇಷ್ಟು ಕಲ್ಲುಮನಸ್ಸು."

ಕರಪತ್ರದ ಕರಡನ್ನು ಮೇಜಿನ ಮೇಲೇ ಬಿಟ್ಟು ಅವನು ಹೊರಟುಹೋದ.

'ಹೌದು… ಈಗ ಯಾರೂ ಇಲ್ಲ.' ಸುಶ್ಮಿತಾ ಆ ಕರಡನ್ನು ಎತ್ತಿ ಮೇಜಿನ ಖಾನೆಯಲ್ಲಿಟ್ಟಳು.

ಎರಡು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕುಳಿತು ಅವಳು ಒಂದು ಸಮಾರಂಭದ ಆಮಂತ್ರಣ ಮಾಡಿದ್ದಳು. ಕೆಳಗಿನ ಮೂಲೆ ಖಾಲಿ ಕಾಣುತ್ತಿತ್ತು. ಆ ಚಿತ್ರಗಳ ಕಟ್ಟು ಅಂತರ್ಜಾಲದಲ್ಲಿ ಆಗಷ್ಟೇ ಸಿಕ್ಕಿತ್ತು. ಜಾಗ ತುಂಬಲೆಂದು ಗಾಲಿಕುರ್ಚಿಯದೊಂದನ್ನು ತೆಗೆದು ಅಲ್ಲಿ ಕೂರಿಸಿದಳು. ಚೆಂದ ಕಂಡಿತು. ಒಂದು ಪ್ರತಿಯನ್ನು ಮನೆಗೂ ಒಯ್ದಳು.

ಅವಳ ತಾಯಿ ಮಾಸ್ತಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಆರು ವರ್ಷ ಗಾಲಿಕುರ್ಚಿಯಲ್ಲೇ ಇದ್ದವಳು. ಆದರೆ ಆ ಕಾಗದವನ್ನು ಅವಳು ಓದಿದಳು.

"ಇದು ನಾನೇ ಅಲ್ಲನೆ? ನನ್ನೂ ಕರ್ದಾರೆ!"

ಅದು ಜಾಗ ತುಂಬಲು ಹಾಕಿದ್ದು ಎನ್ನಲು ಮಗಳಿಗೆ ಬಾಯಿ ಬರಲಿಲ್ಲ. ಹೊಸ ಸೀರೆ ಉಡಿಸಿ ಕರೆದೊಯ್ದಳು. ಎದುರಿಗೆ ಹನ್ನೊಂದು ಮೆಟ್ಟಿಲು… ಎತ್ತಲು ಬಂದ ಗಂಡಸರನ್ನು ಕಂಡು ಮಾಸ್ತಮ್ಮ ಸೆರಗು ಬಿಗಿಹಿಡಿದು ಬೇಡವೆಂದಳು. ಮೂರು ತಾಸು ಅಂಗಳದಲ್ಲೇ ಕುಳಿತಳು.

"ಅಡ್ಡಿಲ್ಲ ಮಗಾ. ಮೈಕು ಲಾಯ್ಕ ಕೇಳ್ತು."

ಈ ಕಡೆ ಚೆನ್ನಾಗಿದೆ ಎನ್ನಲೂ ಅದೇ ಮಾತು: ಚಹಾ ರುಚಿಯಾದರೂ ಅಡ್ಡಿಲ್ಲ, ಜ್ವರ ಇಳಿದರೂ ಅಡ್ಡಿಲ್ಲ. ಆದರೆ ಆ ದಿನದ ನಂತರ ಮಾಸ್ತಮ್ಮ ಹೊರಗೆ ಹೋಗುವ ಮಾತೆತ್ತಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ಆಮೇಲೆ ಕುರ್ಚಿ ಸದ್ದು ಮಾಡತೊಡಗಿತು. ಕಸ ಗುಡಿಸಲು ಸರಿಸಿದರೆ ಸಾಕು, ಕಿರ್ರ್… ಅಮ್ಮ ಇದ್ದಾಗ ಒಮ್ಮೆಯೂ ಕೇಳದ ಸದ್ದು! ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ ಸುಶ್ಮಿತಾ ದೆವ್ವ ಭೂತ ನಂಬುವವಳಲ್ಲ. ಆದರೂ ಪ್ರೆಸ್ಸಿನ ರೋಲರು ಕಿರುಗುಟ್ಟಿದರೆ ಹಿಂತಿರುಗಿ ನೋಡುವಳು. ಚಿತ್ರಗಳ ಆ ಫೋಲ್ಡರ್ ತೆರೆದರೆ, ಮುಖವಿಲ್ಲದ ದುಂಡು ತಲೆಯ ಆ ಆಕೃತಿ ಎಲ್ಲೋ ಬೇರೆಡೆ ನೋಡುತ್ತ ಕುಳಿತಿರುತ್ತಿತ್ತು. ಮಾತು ಬಿಟ್ಟವರ ಹಾಗೆ…

ಎಂಟು ದಿನ ಬಿಟ್ಟು ಮಾಬ್ಲೇಶ್ವರ ಮತ್ತೆ ಬಂದ. ದನಿ ತಗ್ಗಿತ್ತು.

"ಈ ಪ್ರೆಸ್ಸಿನ ಮಾಲಕ್ರು ಭಾಸ್ಕರಣ್ಣ ಫೋನ್ ಮಾಡಿದ್ರು. ಅಮ್ಮನ ವಿಷಯ ಹೇಳಿದ್ರು… ಆಡಿದ ಮಾತು ವಾಪಸ್ ತಕಂಬೂಕೆ ಬರೂದಿಲ್ಲ. ಒಂದು ಅಳತೆ ಹೇಳಿ. ಮೆಟ್ಟಿಲು ನಾಕೂ ಸೇರಿ ಎರಡಡಿ ಎತ್ತರ."

ಅವಳು ತಲೆ ಎತ್ತಿದಳು.

"ಒಂದಡಿ ಏರಕ್ಕೆ ಹನ್ನೆರಡಡಿ ಉದ್ದ. ನಿಮ್ಗೆ ಇಪ್ಪತ್ನಾಕಡಿ ಇಳಿಜಾರು ಬೇಕು."

"ನಾನು ಕಟ್ಟೂ ದೋಣಿಯೇ ಅಷ್ಟುದ್ದ ಇರೂದಿಲ್ಲ ಮಾರಾಯ್ರೆ."

"ಹಾಗಾದ್ರೆ ಚಿತ್ರ ಇಲ್ಲ."

ಅವನು ನಕ್ಕ. "ಕಟ್ತೆ. ನೀವು ಬಂದು ನೋಡಿ ಆದ್ಮೇಲೇ ಪ್ರಿಂಟು."

ದಿನ ಬಿಟ್ಟು ದಿನ ಅವಳ ಮೊಬೈಲಿಗೆ ಹಲಗೆಗಳ ಫೋಟೋ ಬರತೊಡಗಿತು. 'ಅಂಚಿಗೆ ತಡೆ ಇಲ್ಲ, ಗಾಲಿ ಜಾರ್ತದೆ' ಎಂದು ಬರೆದರೆ, ಮರುದಿನವೇ ಅಂಚಿಗೆ ಪಟ್ಟಿ ಬಿದ್ದಿರುತ್ತಿತ್ತು. ಅದರ ಕೆಳಗೆ ಅಂಜುತ್ತ ಬರೆದ ಒಂದು ಸಾಲು: 'ಊಟ ಆತ?'

'ಆತು. ನಿಮ್ದು?' ಉತ್ತರ ಕಳಿಸಿ ಅವಳು ಮೊಬೈಲನ್ನು ಬೋರಲು ಹಾಕುತ್ತಿದ್ದಳು. ಮನೆಯ ಮೂಲೆಯಲ್ಲಿ ಖಾಲಿ ಕುರ್ಚಿ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. 'ನಿನ್ನ ಹೊರಗೇ ಕೂರ್ಸಿದೆ ಅಮ್ಮ… ನಾನು ಮಾತ್ರ ಖುಷಿಯಾಗಿರೂದು ಹೇಗೆ?'

ಭಾನುವಾರ ಅವಳು ಆ ಕುರ್ಚಿಯನ್ನೇ ಭಾಸ್ಕರಣ್ಣನ ವ್ಯಾನಿಗೆ ಹಾಕಿಸಿ ಹೊನ್ನಾವರಕ್ಕೆ ಬಂದಳು. ಶರಾವತಿಯ ಗಾಳಿಗೆ ಹೊಸ ಮರದ ವಾಸನೆ ಬೆರೆತಿತ್ತು. ಇಳಿಜಾರಿನ ಬುಡದಲ್ಲಿ ಮಾಬ್ಲೇಶ್ವರ ಕಾಯುತ್ತಿದ್ದ. ಅವಳು ಕುರ್ಚಿಯ ಹಿಡಿಕೆ ಹಿಡಿದು ತಳ್ಳಿದಳು.

ಕಿರ್ರ್…

ಎರಡಡಿ ಹೋಗುವುದರೊಳಗೆ ನಿಂತಳು. ಕುರ್ಚಿಯನ್ನು ಹಿಂದಕ್ಕೆಳೆದು ಕೆಳಗೆ ನಿಲ್ಲಿಸಿದಳು.

"ಖಾಲಿ ಕುರ್ಚಿ ಯಾರಾದ್ರೂ ಹತ್ತಿಸ್ತಾರೆ. ಭಾರ ಬೇಕು. ಕೂತ್ಕಳಿ."

"ಅಮ್ಮನ ಕುರ್ಚಿ…"

"ಹೌದು. ಅವಳು ಹೋದ್ಮೇಲೆ ಯಾರನ್ನೂ ಕೂರ್ಸಲಿಲ್ಲ. ಕೂತ್ಕಳಿ."

ಮಾಬ್ಲೇಶ್ವರ ಚಪ್ಪಲಿ ಕಳಚಿಟ್ಟು ಕುಳಿತ.

ಅವಳು ತಳ್ಳಿದಳು. ಒಂದಡಿ… ಐದಡಿ… ಹತ್ತಡಿ… ಸದ್ದೇ ಇಲ್ಲ! ಭಾರವಿದ್ದಾಗ ಗಾಲಿ ಕಚ್ಚಿ ಕೂರುತ್ತದೆ, ಖಾಲಿಯಾದಾಗ ಸಡಿಲಾಗಿ ಅಲುಗುತ್ತದೆ. ಅಷ್ಟೇ. ಇಷ್ಟು ದಿನ ಅವಳನ್ನು ಕಾಡಿದ್ದು ಅಮ್ಮನ ಸಿಟ್ಟಲ್ಲ, ಬರೀ ಖಾಲಿತನ.

ಕುರ್ಚಿ ಹೊಸ್ತಿಲು ದಾಟಿ ಒಳಗೆ ಬಂತು. ಸುಶ್ಮಿತಾಳ ಕಣ್ಣೀರು ಹಿಡಿಕೆಯ ಮೇಲೆ ಬಿತ್ತು.

ಕುಳಿತವನು ಮೆಲ್ಲನೆ ತಿರುಗಿದ. ಆ ಕುರ್ಚಿಗೆ ಈಗ ಒಂದು ಮುಖವಿತ್ತು.

"ಇಳಿಜಾರು ಹೇಂಗದೆ?"

"ಲಾಯ್ಕದೆ. ಚಿತ್ರ ಹಾಕ್ತೆ… ದೊಡ್ಡದಾಗೇ ಹಾಕ್ತೆ, ಮಾಬ್ಲೇಶ್ವರ ಅವ್ರೆ."

"ಮಾಬ್ಲ ಅನ್ನಿ ಸಾಕು." ಅವನು ಎದ್ದು ಅವಳೆದುರು ನಿಂತ. "ನಂಗೆ ನಿಮ್ಮ ಮೇಲೆ ಮನಸ್ಸಾಗಿದೆ, ಸುಶ್ಮಿತಾ. ನಿಮ್ಗೆಂತಾದ್ರೂ… ಅಡ್ಡಿ ಅದೆಯ?"

ಅಂಗಳದಲ್ಲಿ ಕುಳಿತ ಅಮ್ಮನ ಆ ಮಾತು ಅವಳ ತುಟಿಗೆ ಬಂತು. ಈ ಸಲ ಅದು ನೋಯಿಸಲಿಲ್ಲ.

"ಅಡ್ಡಿಲ್ಲ, ಮಾಬ್ಲ."