ಮೂವತ್ತೇಳು ಡಿಗ್ರಿ

ಔಷಧಿ ಉಗ್ರಾಣದ ಶೀತಲ ಕೋಣೆಯ ಉಷ್ಣತೆಯನ್ನು ಗ್ರಾಫಿಗಿಳಿಸುವುದು ನನ್ನ ಕೆಲಸ. ಸಾಫ್ಟ್‌ವೇರಿನಲ್ಲಿ ‘ಮುನ್ಸೂಚನೆ’ ಒತ್ತಿದರೆ ನಾಳೆಯ ರೇಖೆಯನ್ನು ಚುಕ್ಕಿ ಚುಕ್ಕಿಯಾಗಿ ಎಳೆದು ತೋರಿಸುತ್ತದೆ. ಆರು ವರ್ಷ ಆ ರೇಖೆ ನಾಲ್ಕು ಡಿಗ್ರಿಯಲ್ಲಿ ಸತ್ತ ಹಾಗೆ ಮಲಗಿತ್ತು. ಆ ಬುಧವಾರ ಮಾತ್ರ, ಮರುದಿನ ಮಧ್ಯಾಹ್ನ ಮೂರು ಹತ್ತಕ್ಕೆ ಸರ್ರನೆ ಮೂವತ್ತೇಳಕ್ಕೆ ಏರಿತ್ತು.

“ಬಾಗಿಲು ತೆಗೆದಾಗ ಹೊರಗಿನ ಬಿಸಿಗೆ ಏರಿದ ರೀಡಿಂಗ್ ಅಳಿಸೋಕೆ ಮರ್ತಿದ್ದೀಯ, ಅಷ್ಟೇ,” ಎಂದು ಮೇಲ್ವಿಚಾರಕರು ರೇಗಿದರು.

“ಅಳಿಸಿದ್ದೀನಿ ಸರ್. ಮೂರು ಸಲ ಮಾಡಿದ್ರೂ ಇದೇ ಬಂತು. ಮೂವತ್ತೇಳು ಅಂದ್ರೆ ಮನುಷ್ಯರ ಮೈ ಬಿಸಿ.”

“ತಲೆ ತಿನ್ಬೇಡ. ನಾಳೆ ನೀನೇ ಒಳಗೆ ನಿಂತು ನೋಡು.”

ನಿಂತೆ. ಮೂರು ಹತ್ತಕ್ಕೆ ಫ್ಯಾನಿನ ಸದ್ದು ಅಡಗಿತು. ಗೋಡೆಯ ಥರ್ಮಾಮೀಟರ್ ನಾಲ್ಕನ್ನೇ ತೋರಿಸುತ್ತಿತ್ತು, ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಬಾಯಿಂದ ಬಿಳಿ ಹಬೆ ಬರುತ್ತಿತ್ತು. ನಾನು ಉಸಿರು ಬಿಗಿಹಿಡಿದಾಗಲೂ ನನ್ನ ಹೆಗಲ ಪಕ್ಕದಲ್ಲಿ ಹಬೆ ಏಳುತ್ತಲೇ ಇತ್ತು. ಆಸರೆಗೆಂದು ಹಿಡಿದ ಕಬ್ಬಿಣದ ಕಪಾಟು ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು.

ಬಿದ್ದೆನೋ ಎದ್ದೆನೋ ಎಂದು ಹೊರಗೋಡಿ ಬೀಗ ಜಡಿದೆ. ಆಗ ಗಂಟೆ ಮೂರು ಹನ್ನೆರಡು.

ಮರುದಿನ ಬೆಳಿಗ್ಗೆ ಗ್ರಾಫ್ ನೋಡಿದ ಮೇಲ್ವಿಚಾರಕರು ನನ್ನ ಮುಖ ನೋಡಲಿಲ್ಲ. “ಬಾಗಿಲು ತೆಗೆದಾಗಿನ ರೀಡಿಂಗ್ ಅಂತ ಅಳಿಸ್ಬಿಡು,” ಎಂದರು.

ನಾನು ಅಳಿಸಲಿಲ್ಲ. ಬೀಗದ ಕೈ ರಾತ್ರಿಯಿಡೀ ನನ್ನ ಜೇಬಿನಲ್ಲೇ ಇತ್ತು; ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ಗ್ರಾಫಿನ ಪ್ರಕಾರ ಒಳಗೆ ಸಂಜೆ ಐದೂವರೆಯವರೆಗೂ ಮೂವತ್ತೇಳು ಡಿಗ್ರಿ ಇತ್ತು. ಆಮೇಲೆ, ಗಂಟೆಗೆ ಒಂದೊಂದೇ ಡಿಗ್ರಿಯಂತೆ, ಉಸಿರು ನಿಂತ ಮೈಯ ಹಾಗೆ ಅದು ತಣ್ಣಗಾಗುತ್ತಾ ಹೋಗಿತ್ತು.