ನೀಲವ್ವನ ಕೈ

ಬೆಳಗ್ಗೆ ಎದ್ದು ಗೋಡೆಯತ್ತ ನೋಡಿದ ಗೋಣೆಪ್ಪ ಮಾಸ್ತರ ಚೌಕಟ್ಟಿನತ್ತ ಓಡಿದ. ಚೌಕಟ್ಟಿತ್ತು, ಗಾಜಿತ್ತು. ಒಳಗಿದ್ದ ಕೈ ಮಾತ್ರ ನೀಲವ್ವನದಲ್ಲ!

ತೀರಿಹೋದ ಹೆಂಡತಿ ನೀಲವ್ವನ ಫೋಟೋ ಒಂದೂ ಇರಲಿಲ್ಲ. ಅವನೇ ಪೆನ್ಸಿಲ್ಲಿನಲ್ಲಿ ಬರೆದ ಅವಳ ಕೈಯ ಚಿತ್ರವೊಂದು ಉಳಿದಿತ್ತು. ಗಜೇಂದ್ರಗಡದ ಆ ಮನೆಯಲ್ಲಿ ಅವನು ಮಾತಾಡುತ್ತಿದ್ದದ್ದೂ ಅದರ ಜೊತೆಗೇ. ಹಿಂದಿನ ದಿನ ನರಗುಂದಕ್ಕೆ ಹೋಗಿ, ಕತ್ತಲಲ್ಲಿ ಬಂದು ಹಾಗೇ ಮಲಗಿದ್ದ. ಈಗ ಅಲ್ಲಿ ಇನ್ಯಾರದೋ ಬರಿಗೈ—ಗೆಣ್ಣು, ನರ, ಹೆಬ್ಬೆರಳ ಉಗುರಿನ ಸೀಳು, ಎಲ್ಲ ಜೀವಂತ.

ಗೆಳೆಯ ಮೋದಿನಸಾಬ, ನಿವೃತ್ತ ಪೊಲೀಸ್ ಜಮಾದಾರ, ಚಿತ್ರಕ್ಕೆ ಮೂಗು ತಾಗಿಸಿ ನೋಡಿದ.

"ಕೀಲಿ ಎಲ್ಲಿಡ್ತಿ, ಯಾರಿಗೆ ಗೊತ್ತದ?"

"ಚಿತ್ರಕ್ಕ ಕಟ್ಟು ಹಾಕೋ ಕಾಶೀಂಸಾಬಗ. ಬೋರ್ಡ್ ಬರಿಯೋ ಕರೆಪ್ಪಗ. ರೊಟ್ಟಿ ತರೋ ಬಾಜೂ ಮನಿ ಶಂಕ್ರವ್ವಗ."

"ಇವರಾಗ ಚಿತ್ರಾ ಬರಿಯಾಕ ಬರೋದು ಯಾರಿಗೆ?"

"ಕರೆಪ್ಪಗ ಒಬ್ಬಗ. ಅವನೇ ಕಳ್ಳ!"

"ತಡಿಯೋ. ಒಂದು ಕೈ ಬರದು ತೋರ್ಸು."

ಮಾಸ್ತರ ಸಿಡುಕುತ್ತಲೇ ತನ್ನ ಕೈಯನ್ನು ಮುಂದಿಟ್ಟು ನೋಡಿ ಬರೆದ. ಮೋದಿನಸಾಬ ಆ ಹಾಳೆಯನ್ನು ಗೋಡೆಯ ಚಿತ್ರದ ಪಕ್ಕ ಹಿಡಿದು ನೋಡಿದ.

ಸಂಜೆ ಅವನೇ ಮೂವರನ್ನೂ ಅಲ್ಲಿಗೆ ಕರೆಸಿ ಚಹಾ ಕೊಟ್ಟ. ಮೂವರೂ ಬಲಗೈ ಚಾಚಿದರು. ಎಡಗೈ ಚಾಚುವಷ್ಟು ಮರ್ಯಾದೆಗೆಟ್ಟವರು ಆ ಊರಲ್ಲಿ ಯಾರಿದ್ದರು? ಕಪ್ಪು ಕೆಳಗಿಟ್ಟ ಮೇಲೆ, "ಹಿಡೀರಿ!" ಎಂದು ಒಬ್ಬೊಬ್ಬರತ್ತ ನಿಂಬೆಹಣ್ಣು ಎಸೆದ. ಕರೆಪ್ಪ ಬಲಗೈಯಲ್ಲಿ ಹಿಡಿದ. ಕಾಶೀಂಸಾಬ ಬಲಗೈ ಚಾಚಿ ಬೀಳಿಸಿದ. ಶಂಕ್ರವ್ವ ಹಿಡಿದಳು—ಎಡಗೈಯಲ್ಲಿ!

"ಚಿತ್ರಾ ಈಕಿ ಒಯ್ದಾಳ," ಎಂದ ಮೋದಿನಸಾಬ.

"ಹುಚ್ಚ! ಈಕಿಗೆ ಬರಿಯಾಕ ಎಲ್ಲಿ ಬರ್ತದ?"

"ಮಾಸ್ತರ, ಮುಂಜಾನೆ ನೀ ಬರದದ್ದು ಯಾವ ಕೈ? ಎಡಗೈ. ಯಾಕ? ಬಲಗೈಯಾಗ ಪೆನ್ಸಿಲ್ ಇತ್ತು. ಗ್ವಾಡಿ ಮ್ಯಾಲಿಂದು ಬಲಗೈ. ಹಂಗಾರ ಪೆನ್ಸಿಲ್ ಯಾವ ಕೈಯಾಗಿತ್ತು? ಈಗ ಈಕಿ ಬಲಗೈ ಹೆಬ್ಬಟ್ಟು ನೋಡು."

ಉಗುರು ಸೀಳಿತ್ತು. ದಿನವೂ ರೊಟ್ಟಿ ಕೊಡುವ ಕೈ. ಮಾಸ್ತರ ಒಮ್ಮೆಯೂ ನೋಡಿರಲಿಲ್ಲ.

ಶಂಕ್ರವ್ವ ತಾನು ತಂದಿದ್ದ ರೊಟ್ಟಿಬುಟ್ಟಿಯ ಅರಿವೆ ಸರಿಸಿ ನೀಲವ್ವನ ಕೈ ಹೊರತೆಗೆದಳು.

"ಸಾಲ್ಯಾಗ ಎಡಗೈಲೆ ಬರದ್ರ ನೀವು ಫೂಟಪಟ್ಟಿಲೆ ಹೊಡೀತಿದ್ರಿ. ನೀಲವ್ವಾರು ನಿಮಗ ಗೊತ್ತಾಗದಂಗ ಈ ಎಡಗೈ ಹಿಡದು ಚಿತ್ರಾ ಬರಸಿದ್ರು. ನನಗೂ ಅವರ ನೆನಪಿಗೆ ಅಂತ ಏನೂ ಇರ್ಲಿಲ್ರಿ. ಗ್ವಾಡಿ ಖಾಲಿ ಬಿಡಾಕ ಮನಸ್ಸಾಗ್ಲಿಲ್ಲ, ನಂದು ಇಟ್ಟೆ."

ಒಂದೇ ಸೂರಿನಡಿ ಬಾಳಿದ ನೀಲವ್ವ ಇದನ್ನು ಅವನಿಗೆ ಹೇಳಿಯೇ ಇರಲಿಲ್ಲ. ಅವನ ಫೂಟಪಟ್ಟಿಗೆ ಹೆದರಿದವರಲ್ಲಿ ಅವಳೂ ಒಬ್ಬಳಾಗಿದ್ದಳು. ಮಾಸ್ತರನಿಗೆ ಅಳು ತಡೆಯಲಾಗಲಿಲ್ಲ.

"ಹ್ಯಾಂಗ ಹಿಡೀತಿದ್ಲು? ತೋರ್ಸವ್ವ."

ಶಂಕ್ರವ್ವ ತನ್ನ ಬಲಗೈಯಿಂದ ತನ್ನ ಎಡಗೈಯನ್ನೇ ಮೆಲ್ಲಗೆ ಹಿಡಿದು ತೋರಿಸಿದಳು.